ಐದನೆಯವನನ್ನೂ ಬಿಡಿ

ಮಗಳ ತಲೆ ಮುಟ್ಟಿ ಒಂದು ಮಾತು ಕೊಟ್ಟಿದ್ದೆ.

ಆಗ ಅವಳು ಸಣ್ಣವಳು. ನಾವು ಈ ದೇಶಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಇವಳಪ್ಪ ಆಗಲೇ ಬೇರೆ ಸಂಸಾರ ಹುಡುಕಿಕೊಂಡು ಹೋಗಿದ್ದ. ಶಾಲೆಯಲ್ಲಿ ತಂದೆತಾಯಿಯರ ಸಭೆ ಅಂದರೆ ತಂದೆಯೂ ನಾನೇ, ತಾಯಿಯೂ ನಾನೇ. ಕೋಳಿ ಕಾರ್ಖಾನೆಯಿಂದ ನೆಟ್ಟಗೆ ಹೋದೆ. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಮಕ್ಕಳ ಕುರ್ಚಿಯಲ್ಲಿ ಮುದುರಿಕೊಂಡು ಕೂತೆ. ಪಕ್ಕದಲ್ಲಿದ್ದವಳು ಎದ್ದು ಹೋಗಿ ಕಿಟಕಿ ತೆಗೆದಳು. ವಾಪಸ್ ಬಂದು ಬೇರೆ ಕುರ್ಚಿಯಲ್ಲಿ ಕೂತಳು. ಟೀಚರು ಮರ್ಯಾದಸ್ಥೆ. ನಗುತ್ತಲೇ ಇದ್ದಳು, ಆದರೆ ಮೂಗಿನಿಂದ ಉಸಿರಾಡುತ್ತಿರಲಿಲ್ಲ. ಮಾರನೆಯ ದಿನ ಮಗಳಿಗೆ ಶಾಲೆಯಲ್ಲಿ ಹೊಸ ಹೆಸರು ಬಿತ್ತು. ಕೋಳಿಹಿಕ್ಕೆ.

ಅವತ್ತು ಸಂಜೆ ಅವಳು ನನ್ನ ಕೈಯನ್ನು ಪಾತ್ರೆ ತಿಕ್ಕುವ ಬ್ರಷ್ಷಿನಿಂದ ತಿಕ್ಕಿದಳು. ಚರ್ಮ ಕೆಂಪಾಗುವವರೆಗೆ ತಿಕ್ಕಿ ಮೂಸಿದಳು. ಮತ್ತೆ ತಿಕ್ಕಿದಳು.

"ಅಮ್ಮ, ಇನ್ಮೇಲೆ ಈ ಬಟ್ಟೇಲಿ ನನ್ನ ಕಡೆಯವರ ಮುಂದೆ ಬರಬೇಡ. ಬಂದ್ರೂ ನನ್ನ ಅಮ್ಮ ಅಂತ ಹೇಳ್ಬೇಡ."

"ಆಯ್ತು ಬಿಡು."

"ಹಾಗಲ್ಲ. ಆಣೆ ಇಡು."

ಒದ್ದೆ ಕೈಯನ್ನು ಅವಳ ನೆತ್ತಿಯ ಮೇಲಿಟ್ಟು ನಿನ್ನಾಣೆ ಅಂದೆ.

ಆ ಮಾತನ್ನು ಉಳಿಸಿಕೊಂಡೆ. ಅವಳು ಕಾಲೇಜು ಮುಗಿಸಿದ ದಿನ ಪಕ್ಕದ ಮನೆಯವಳ ಕೋಟು ಇಸಿದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂತು ಬಂದೆ. ಅವಳ ಗೆಳತಿಯರಿಗೆ ನಾನು ಯಾವುದೋ ಅಡುಗೆಮನೆಯಲ್ಲಿ ಕೆಲಸದವಳು. ಹಾಗಂತ ಅವಳೇ ಹೇಳಿದ್ದಳು. ನಾನು ಇಲ್ಲ ಅನ್ನಲಿಲ್ಲ.

ನನ್ನ ಕೆಲಸ ಕೋಳಿ ತೂಗುಹಾಕುವುದು. ನೀಲಿ ದೀಪದ ಕೋಣೆ ಅದು. ನೀಲಿ ಬೆಳಕಿನಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲವಂತೆ. ನಮಗೂ ಅದೇ ಬೆಳಕು. ತಲೆಯ ಮೇಲೆ ಸರಪಳಿ ಓಡುತ್ತಿರುತ್ತದೆ, ಸರಪಳಿಗೆ ಕೊಕ್ಕೆಗಳು. ಕ್ರೇಟಿಗೆ ಕೈ ಹಾಕಿ ಜೀವಂತ ಕೋಳಿಯ ಎರಡೂ ಕಾಲು ಹಿಡಿದೆತ್ತಬೇಕು. ತಲೆಕೆಳಗು ಮಾಡಿ ಕೊಕ್ಕೆಗೆ ಸಿಕ್ಕಿಸಬೇಕು. ಒಂದು ಸಿಕ್ಕಿಸುವಷ್ಟರಲ್ಲಿ ಮುಂದಿನ ಕೊಕ್ಕೆ ಎದುರಿಗೆ ಬಂದು ನಿಂತಿರುತ್ತದೆ. ಹೆದರಿದ ಕೋಳಿ ಮುಖಕ್ಕೇ ಹಿಕ್ಕೆ ಹಾಕುತ್ತದೆ. ಉಗುರಿನಿಂದ ಮಣಿಕಟ್ಟು ಗೀರುತ್ತದೆ. ಧೂಳು, ಪುಕ್ಕ, ಕೆಮ್ಮು. ಮನೆಗೆ ಬಂದರೆ ತಲೆ ಬಾಚಲು ಕೈ ಮೇಲೇಳುವುದಿಲ್ಲ. ಮಗಳೇ ಜಡೆ ಹಾಕುತ್ತಿದ್ದಳು. ಅದನ್ನು ಮಾತ್ರ ಮೂಗು ಮುರಿಯದೆ ಮಾಡುತ್ತಿದ್ದಳು.

ಕತ್ತಿ ಇರುವುದು ಮುಂದಿನ ಕೋಣೆಯಲ್ಲಿ. ಸರಪಳಿ ಅಲ್ಲಿಗೆ ತುಂಬಿಕೊಂಡು ಹೋಗುತ್ತದೆ, ಖಾಲಿ ಬರುತ್ತದೆ.

ಮೇಲ್ವಿಚಾರಕನಿಗೆ ನಾವು ಗಡಿಯಾರ ಅಂತ ಹೆಸರಿಟ್ಟಿದ್ದೆವು. ಮೂತ್ರಕ್ಕೆ ಹೋಗಬೇಕು ಅಂದರೆ ಮೊದಲು ಕೈಗಡಿಯಾರ ನೋಡುತ್ತಾನೆ, ಆಮೇಲೆ ನಮ್ಮ ಮುಖ. ನನ್ನ ಪಕ್ಕದಲ್ಲಿ ನಿಲ್ಲುವವಳು ಬೇರೆ ದೇಶದವಳು. ನನಗಿಂತ ಚಿಕ್ಕವಳೇ, ಆದರೆ ಈ ಕೆಲಸದಲ್ಲಿ ಸೊಂಟ ಬಗ್ಗಿಹೋಗಿದೆ. ಅದಕ್ಕೇ ಎಲ್ಲರಿಗೂ ಅಜ್ಜಿ. ಅವಳು ಹಸುಗೂಸಿಗೆ ಕಟ್ಟುವ ಹಾಗೆ ಡಯಾಪರು ಕಟ್ಟಿಕೊಂಡೇ ಕೆಲಸಕ್ಕೆ ಬರುತ್ತಾಳೆ. "ಹೇಗಿದ್ರೂ ಮುದುಕಿ ಆದ್ಮೇಲೆ ಕಟ್ಕೋಬೇಕಲ್ಲ, ಈಗ್ಲೇ ರೂಢಿ ಆಗ್ಲಿ" ಅಂತ ನಗಾಡುತ್ತಾಳೆ. ನಾವೂ ನಗುತ್ತೇವೆ. ಆ ನಗುವಿನಲ್ಲಿ ಏನಿದೆ ಅಂತ ನಮಗೇ ಗೊತ್ತು.

ಊರಿನಲ್ಲಿ ನನಗೊಬ್ಬ ತಮ್ಮ. ಕುಳ್ಳ. ಎಲ್ಲರೂ ಕರೆಯುವುದು ಗಿಡ್ಡ ಅಂತಲೇ. ಅವನೂ ಕೋಳಿ ಕೆಲಸದವನೇ. ಮೊಟ್ಟೆಯಿಂದ ಮರಿ ಮಾಡುವ ದೊಡ್ಡ ಶೆಡ್ಡಿನಲ್ಲಿ ಆಳು. ಕೋಳಿಯ ಹುಟ್ಟು ಅವನ ಕೈಯಲ್ಲಿ, ಸಾವು ನನ್ನ ಕೈಯಲ್ಲಿ ಅಂತ ಫೋನಿನಲ್ಲಿ ತಮಾಷೆ ಮಾಡುತ್ತಿದ್ದೆವು. ಆಮೇಲಾಮೇಲೆ ಅವನು ತಮಾಷೆ ಬಿಟ್ಟ. ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಯಾರಿಗೂ ಬೇಡ. ಹುಟ್ಟಿದ ದಿನವೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಗೋಡೆ ಪಕ್ಕಕ್ಕೆ ಒಟ್ಟುತ್ತಾರೆ. ಆ ಗೋಡೆಯ ಇನ್ನೊಂದು ಮಗ್ಗುಲಲ್ಲೇ ಇವನ ಹಾಸಿಗೆ.

"ಅಕ್ಕ, ಚೀಲದೊಳಗಿಂದ ಕೂಗ್ತಾವೆ. ಅಡೀಲಿರೋವು ಮೊದಲು ಸುಮ್ಮನಾಗ್ತಾವೆ. ಮೇಲಿರೋವು ಬೆಳಗಿನವರೆಗೂ ಕೂಗ್ತಾವೆ."

"ಕಿವಿಗೆ ಹತ್ತಿ ಇಟ್ಕೊ."

"ಇಟ್ಟು ನೋಡ್ದೆ ಕಣಕ್ಕ."

ಪ್ರಾಣಿಗಳ ಪರ ಹೋರಾಡುವ ನಾಲ್ವರು ಆ ಶೆಡ್ಡಿನ ಫೋಟೋ ತೆಗೆಯಲು ಬಂದಾಗ ಹಿಂದಿನ ಬಾಗಿಲು ತೆಗೆದವನು ಇವನೇ. ಯಾವ ಚೀಲ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಿದವನೂ ಇವನೇ. ಪೊಲೀಸರು ಐವರನ್ನೂ ಎಳೆದುಕೊಂಡು ಹೋದರು. ನಾಲ್ವರನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರು. ಇವನನ್ನು ನೆಲದ ಮೇಲೆ ಕೆಡವಿ ಕೇಳಿದರು.

ತಮ್ಮನ ಹೆಂಡತಿ ನಾನು ಊಟಕ್ಕೆ ಕೂತಾಗ ಫೋನು ಮಾಡಿದಳು.

"ಅಕ್ಕ, ಆ ನಾಲ್ಕು ಜನಕ್ಕೆ ವಕೀಲರು ಬಂದಿದ್ರು. ಇವರನ್ನ ಯಾರೂ ಕೇಳ್ಲಿಲ್ಲ. ಅವರ ಮೇಲೆ ಬೇರೆ ಕೇಸು, ಇವರ ಮೇಲೆ ಕಳ್ಳತನದ ಕೇಸಂತೆ. ಇವರು ಆ ಗುಂಪಿನವರೇ ಅಂತ ದೊಡ್ಡೋರು ಯಾರಾದ್ರೂ ಬಾಯಿ ಬಿಟ್ಟು ಹೇಳಿದ್ರೆ ವಕೀಲರು ಇವರ್ದೂ ನೋಡ್ತಾರಂತೆ. ಇಲ್ದಿದ್ರೆ ಅವರೆಲ್ಲ ಬಿಡುಗಡೆ ಆದ್ಮೇಲೂ ಇವರು ಒಳಗೇ. ಪಕ್ಕೆ ಹಿಡ್ಕೊಂಡೇ ಮಾತಾಡ್ತಿದ್ರು ಅಕ್ಕ. ಉಸಿರು ಎಳೆಯೋಕಾಗ್ತಿರ್ಲಿಲ್ಲ."

ಮನೆಗೆ ಬಂದರೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಆ ನಾಲ್ವರ ಮುಖಗಳಿದ್ದವು. ಮಗಳು ರಟ್ಟಿಗೆ ಅಂಟಿಸುತ್ತಿದ್ದಳು. ಇಲ್ಲಿ ಪ್ರಾಣಿಗಳ ಪರ ಹೋರಾಡುವ ಅವಳದೊಂದು ಗುಂಪಿದೆ. ಅದು ನಮ್ಮ ಕಾರ್ಖಾನೆಯ ಗೇಟಿಗೂ ಬಂದು ನಮ್ಮ ಬಸ್ಸಿಗೆ ಅಡ್ಡ ನಿಂತು ಕೊಲೆಗಾರರೇ ಅಂತ ಕೂಗಿದ ಗುಂಪು. ಆ ದಿನ ಮಾತ್ರ ಮಗಳಿಗೆ ತಲೆನೋವು, ಮನೆಯಲ್ಲೇ ಇದ್ದಳು. ಬಂಧನವಾದ ನಾಲ್ವರಲ್ಲಿ ಒಬ್ಬಳು ಈ ದೇಶದ ಹುಡುಗಿ. ಅದಕ್ಕೇ ಈ ಊರಿನಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಯ ಮುಂದೆ ಪ್ರತಿಭಟನೆ.

ಮುಖಗಳನ್ನು ಒಂದೊಂದಾಗಿ ನೋಡಿದೆ.

"ನಿನ್ನ ಮಾಮ ಎಲ್ಲಿ?"

ಅವಳು ಗೋಂದಿನ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು.

"ಕೇಳ್ದೆ ಅಮ್ಮ. ಅವರು ಕಾರ್ಯಕರ್ತ ಅಲ್ವಂತೆ. ಆ ಶೆಡ್ಡಿನ ಕೆಲಸದವರಂತೆ. ಅವರನ್ನ ಸೇರಿಸಿದ್ರೆ ವಿಷಯ ಗೊಂದಲ ಆಗುತ್ತಂತೆ."

"ಯಾರಿಗೆ ಗೊಂದಲ?"

"ಜನಕ್ಕೆ. ಮರೀನ ಚೀಲಕ್ಕೆ ತುಂಬಿದ್ದೂ ಅವರೇ ಅಲ್ವಾ ಅಂತ ಕೇಳ್ತಾರೆ."

"ತುಂಬಿಸಿದ್ದು ಯಾರು?"

ಅವಳು ಇನ್ನೊಂದು ಫೋಟೋಗೆ ಗೋಂದು ಹಚ್ಚಿದಳು.

"ಅವನು ನಿನ್ನ ಮಾಮ ಅಂತ ಹೇಳಿ ಕೇಳಿದೆಯೋ, ಯಾರೋ ಒಬ್ಬ ಅಂತ ಕೇಳಿದೆಯೋ?"

ಹಚ್ಚಿದ ಕಡೆಯೇ ಮತ್ತೆ ಹಚ್ಚಿದಳು. ಮಾಮ ಅಂದರೆ ಅಮ್ಮ ಯಾರು ಅನ್ನುವ ಪ್ರಶ್ನೆ ಬರುತ್ತದೆ. ಅಮ್ಮ ಅಂದರೆ ಕಾರ್ಖಾನೆ ಬರುತ್ತದೆ. ಕಾರ್ಖಾನೆ ಅಂದರೆ ನೀಲಿ ಕೋಣೆ. ಅವಳ ಲೆಕ್ಕ ನನಗೆ ಅರ್ಥವಾಯಿತು. ಅರ್ಥವಾದಷ್ಟೂ ಮೈ ಉರಿಯಿತು.

"ಹೆತ್ತವಳು ಹೇಸಿಗೆ. ಸರಿ, ಒಪ್ಕೊಂಡೆ. ಅವನೇನು ಮಾಡಿದ್ದ ನಿಂಗೆ? ನೀನು ಹುಟ್ಟಿದಾಗ ತೊಟ್ಟಿಲು ಹೊತ್ಕೊಂಡು ಬಂದವನು ಅವನು."

"ಅಮ್ಮ, ನಿಂಗಿದು ಅರ್ಥ ಆಗಲ್ಲ. ಇದಕ್ಕೊಂದು ಪದ್ಧತಿ ಇದೆ."

"ಪಕ್ಕೆ ಮುರಿಯೋಕೂ ಒಂದು ಪದ್ಧತಿ ಇದೆ. ಅದು ಅವನಿಗೆ ಅರ್ಥ ಆಗಿದೆ."

ಅವಳು ಫೋಟೋಗಳನ್ನು ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪ್ರತಿಭಟನೆಯ ದಿನ ಬೇಗ ಬಿಡಿ ಅಂತ ಗಡಿಯಾರನನ್ನು ಮೊದಲೇ ಕೇಳಿದ್ದೆ. ಆಗಲಿ ಅಂದಿದ್ದ. ಆ ದಿನ ಬಂದಾಗ ಮರೆತ. ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಕ್ರೇಟು ಮುಗಿಯುವ ಹಾಗೆ ಕಾಣಲಿಲ್ಲ.

"ಹೋಗ್ಬೇಕು. ಹೇಳಿದ್ದೆ ನಿಮಗೆ."

ಅವನು ಕೈ ನೋಡಿಕೊಂಡ. "ಈ ಲಾರಿ ಆಗ್ಲಿ."

ಲಾರಿ ಆಯಿತು.

"ಇನ್ನೊಂದಿದೆ."

"ತಮ್ಮ ಜೈಲಲ್ಲಿದಾನೆ."

"ಎಲ್ಲರಿಗೂ ಒಬ್ಬ ತಮ್ಮ ಇರ್ತಾನೆ. ಸರಪಳಿ ನಿಲ್ಲಲ್ಲ."

ನನ್ನ ಕೈಯಲ್ಲಿ ಒಂದು ಕೋಳಿ ಇತ್ತು. ಎರಡು ಕಾಲೂ ನನ್ನ ಮುಷ್ಟಿಯಲ್ಲಿ. ಅದು ಒದರಲಿಲ್ಲ. ತಲೆ ಎತ್ತಿ ನೋಡುತ್ತಿತ್ತು. ಕೊಕ್ಕೆ ಎದುರಿಗೆ ಬಂತು. ಸಿಕ್ಕಿಸಲಿಲ್ಲ. ಖಾಲಿ ಹೋಯಿತು. ಇನ್ನೊಂದು ಬಂತು. ಅದೂ ಖಾಲಿ ಹೋಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ನನ್ನ ಎದುರಿನಿಂದ ಕೊಕ್ಕೆ ಖಾಲಿ ಹೋಗಿದ್ದು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಕೋಳಿಯನ್ನು ಕ್ರೇಟಿಗೆ ವಾಪಸ್ ಇಟ್ಟೆ. ಅದೇನೂ ಬದುಕುವುದಿಲ್ಲ, ಗೊತ್ತು. ಅಜ್ಜಿ ಎತ್ತಿ ಸಿಕ್ಕಿಸುತ್ತಾಳೆ. ಆದರೆ ನಾನು ಸಿಕ್ಕಿಸಲಿಲ್ಲ.

"ಬಾಗಿಲು ದಾಟಿದ್ರೆ ವಾಪಸ್ ಬರಬೇಡ" ಅಂದ ಗಡಿಯಾರ.

"ಆ ಬಾಗಿಲು ಎಲ್ಲಿದೆ ಅಂತ ನಂಗೆ ಇವತ್ತೇ ನೆನಪಾಗಿದ್ದು" ಅಂದೆ.

ಅಜ್ಜಿ ಬಗ್ಗಿದ ಸೊಂಟದಲ್ಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಓಡೇ. ಮೂತ್ರಕ್ಕೂ ಹೋಗಿ ಬಾ, ಬಿಟ್ಟಿ ಸಿಕ್ಕಿದೆ."

ಸ್ನಾನದ ಕೋಣೆಯ ಮುಂದೆ ಹಿಂದಿನ ಪಾಳಿಯವರ ಸಾಲಿತ್ತು. ನಿಂತರೆ ಪ್ರತಿಭಟನೆ ಮುಗಿಯುತ್ತದೆ. ಹಾಗೇ ಬಸ್ಸು ಹತ್ತಿದೆ. ಕಾರ್ಖಾನೆಯ ಬಿಳಿ ಮೇಲಂಗಿ, ಬೂಟು, ತಲೆಗೆ ಬಲೆಟೋಪಿ. ಎರಡು ಸೀಟು ತಂತಾನೆ ಖಾಲಿಯಾದವು. ಕೂತೆ. ಮಗಳಿಗೆ ಕೊಟ್ಟ ಮಾತು ನೆನಪಿತ್ತು. ದೂರ ನಿಲ್ಲುತ್ತೇನೆ, ಅವಳ ಕಡೆ ನೋಡುವುದಿಲ್ಲ, ತಮ್ಮನ ಹೆಸರೊಂದು ಹೇಳಿ ಬಂದುಬಿಡುತ್ತೇನೆ ಅಂದುಕೊಂಡೆ. ಮಾತೂ ಉಳಿಯಲಿ, ತಮ್ಮನೂ ಉಳಿಯಲಿ.

ರಾಯಭಾರ ಕಚೇರಿಯ ಬೀದಿಗೆ ತಿರುಗಿದವಳು ನಿಂತುಬಿಟ್ಟೆ.

ಅಲ್ಲಿದ್ದವರೆಲ್ಲ ನನ್ನ ಹಾಗೇ ಇದ್ದರು. ಬಿಳಿ ಮೇಲಂಗಿ, ಬೂಟು, ತಲೆಗೆ ಬಲೆಟೋಪಿ. ಹೊಚ್ಚ ಹೊಸದು, ಮಡಿಕೆಯ ಗೆರೆಯೂ ಹೋಗಿರಲಿಲ್ಲ. ಎದೆಯ ಮೇಲೆ ಕೆಂಪು ಬಣ್ಣ ಚೆಲ್ಲಿಕೊಂಡಿದ್ದರು. ಪ್ರತಿಯೊಬ್ಬರ ಕೈಯಲ್ಲೂ ತಲೆಕೆಳಗಾಗಿ ಹಿಡಿದ ರಬ್ಬರ್ ಕೋಳಿ. ಇವರು ಕೊಲೆಗಾರರ ವೇಷ ಹಾಕಿದ್ದರು. ಅಂದರೆ ನನ್ನ ವೇಷ.

ಒಬ್ಬ ಹುಡುಗ ಖುಷಿಯಿಂದ ನನ್ನತ್ತ ಬಂದ.

"ಬನ್ನಿ ಬನ್ನಿ, ತಡ ಮಾಡಿದ್ರಿ. ಅಬ್ಬಾ, ಪುಕ್ಕ ಎಲ್ಲ ಅಂಟಿಸಿದೀರಲ್ಲ. ವಾಸನೆ ಕೂಡ ಬರ್ತಿದೆ. ಹೇಗೆ ಮಾಡಿದ್ರಿ?"

"ಕೆಲಸ ಮಾಡ್ದೆ" ಅಂದೆ, ಇಲ್ಲಿನ ಭಾಷೆಯಲ್ಲೇ.

ಅವನು ಜೋರಾಗಿ ನಕ್ಕ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆದ್ರೆ ರಕ್ತ ಸಾಲದು."

ಬಾಟಲಿ ಎತ್ತಿ ನನ್ನ ಎದೆಯ ಮೇಲೆ ಬಣ್ಣ ಸುರಿದ. ಅದು ತಣ್ಣಗೆ ಹೊಟ್ಟೆಯವರೆಗೆ ಇಳಿಯಿತು. ಮಣಿಕಟ್ಟಿನಲ್ಲಿ ಆ ದಿನದ ಗೀರುಗಳಿದ್ದವು, ನನ್ನದೇ ರಕ್ತ, ಹೆಪ್ಪುಗಟ್ಟಿತ್ತು. ಅದರ ಮೇಲೂ ನಾಲ್ಕು ಹನಿ ಬಿತ್ತು. ಕೈಗೊಂದು ರಬ್ಬರ್ ಕೋಳಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದ. ನಿಂತೆ. ಜೀವಮಾನವಿಡೀ ನಿಲ್ಲಿಸಿದ ಕಡೆ ನಿಂತವಳು.

ಸಾಲಿನ ಆ ತುದಿಯಲ್ಲಿ ಮಗಳಿದ್ದಳು. ಅವಳೂ ಅದೇ ಬಟ್ಟೆಯಲ್ಲಿ. ನಾನು ಯಾವ ಬಟ್ಟೆ ಹಾಕಿಕೊಂಡು ಬರಬಾರದು ಅಂತ ಆಣೆ ಹಾಕಿಸಿಕೊಂಡಳೋ ಆ ಬಟ್ಟೆಯನ್ನು ಅಂಗಡಿಯಿಂದ ಕೊಂಡು ತೊಟ್ಟುಕೊಂಡಿದ್ದಳು. ನನ್ನನ್ನು ಕಂಡಳು. ಕಂಡೂ ಕಾಣದಷ್ಟು ತಲೆ ಅಲ್ಲಾಡಿಸಿದಳು. ಬೇಡ ಅಂತ. ನಾನು ಮುಖ ತಿರುಗಿಸಿಕೊಂಡೆ.

ಗುಂಪಿನ ಮುಖ್ಯಸ್ಥೆ ಮೈಕು ಹಿಡಿದಿದ್ದಳು. ಕಚೇರಿಯ ಕಬ್ಬಿಣದ ಬೇಲಿಗೆ ನಾಲ್ಕು ಫೋಟೋ ಕಟ್ಟಿದ್ದರು. ಅವಳು ಒಂದೊಂದು ಹೆಸರು ಕೂಗುವುದು, ಎಲ್ಲರೂ "ಬಿಡಿ" ಅನ್ನುವುದು. ಮೊದಲನೆಯವನು ಕಾಲೇಜು ಮೇಷ್ಟ್ರು. ಬಿಡಿ. ಎರಡನೆಯವನು ಫೋಟೋ ತೆಗೆಯುವವನು. ಬಿಡಿ. ಮೂರನೆಯವಳು ಪ್ರಾಣಿವೈದ್ಯೆ. ಬಿಡಿ. ನಾಲ್ಕನೆಯವಳು ಈ ಊರಿನ ಹುಡುಗಿ. ಆಗ ಬೀದಿ ನಡುಗುವ ಹಾಗೆ ಕೂಗಿದರು. ನಾನೂ ನಾಲ್ಕು ಸಲ ಬಿಡಿ ಅಂದೆ. ಅವರ ಮೇಲೆ ನನಗೇನೂ ಹಗೆಯಿಲ್ಲ. ಅವರೂ ಯಾರೋ ಹೆತ್ತ ಮಕ್ಕಳು.

ಐದನೆಯ ಹೆಸರು ಬರಲಿಲ್ಲ.

"ಈಗ ಸತ್ತ ಮರಿಗಳಿಗಾಗಿ ಮೌನ" ಅಂದಳು ಮೈಕಿನಾಕೆ. ಎಲ್ಲರೂ ತಲೆ ತಗ್ಗಿಸಿದರು. ಸತ್ತ ಮರಿಗಳಿಗೆ ಮೌನವಿತ್ತು. ಬದುಕಿರುವ ನನ್ನ ತಮ್ಮನಿಗೆ ಅದೂ ಇರಲಿಲ್ಲ.

ರಬ್ಬರ್ ಕೋಳಿಯನ್ನು ನೆಲಕ್ಕೆ ಬಿಸಾಡಿದೆ.

"ಇನ್ನೊಬ್ಬ ಇದಾನೆ."

ನನ್ನ ಭಾಷೆಯಲ್ಲೇ ಬಂತು. ಸಿಟ್ಟು ಬಂದಾಗ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ. ತಗ್ಗಿದ ತಲೆಗಳು ಎದ್ದವು. ಮೈಕಿನಾಕೆ ಸಾಲಿನ ತುದಿ ನೋಡಿದಳು. ಅಲ್ಲಿ ನಮ್ಮ ಭಾಷೆ ಬಲ್ಲವಳು ಒಬ್ಬಳೇ ಅಂತ ಅವಳಿಗೆ ಗೊತ್ತು. ಮಗಳು ನಿಧಾನ ಬಂದಳು. ನನ್ನಿಂದ ಒಂದು ಮಾರು ದೂರ ನಿಂತಳು.

"ಏನು ಹೇಳ್ತಿದಾರೆ ಈಕೆ?" ಅಂತ ಮೈಕಿನಾಕೆ ಅವಳನ್ನು ಕೇಳಿದಳು.

ನಾನು ಹೇಳಿದೆ, ಮಗಳು ಅವರ ಭಾಷೆಗೆ ತಿರುಗಿಸಿದಳು. ಅಲ್ಲಿ ಇನ್ನೊಬ್ಬನನ್ನು ಹಿಡಿದಿದ್ದಾರೆ. ಬಾಗಿಲು ತೆಗೆದವನು ಅವನು. ಹೊಡೆತ ತಿಂದವನು ಅವನೊಬ್ಬನೇ. ಅವನು ನನ್ನ ತಮ್ಮ. ಮಗಳು ಒಂದಕ್ಷರ ಬಿಡದೆ ಹೇಳಿದಳು. ನನ್ನ ತಮ್ಮ ಅನ್ನುವುದನ್ನು 'ಈ ಹೆಂಗಸಿನ ತಮ್ಮ' ಅಂದಳು. ನನಗೆ ಅಷ್ಟು ಭಾಷೆ ಬರುತ್ತದೆ.

"ಅವರ ಬಗ್ಗೆ ನಮಗೂ ನೋವಿದೆ" ಅಂದಳು ಮೈಕಿನಾಕೆ. ದನಿ ಬಹಳ ಮೆತ್ತಗಿತ್ತು. "ಆದ್ರೆ ಅವರು ಅಲ್ಲಿ ಸಂಬಳಕ್ಕಿದ್ದವರು. ಆ ಹಿಂಸೆಯ ಒಂದು ಭಾಗ. ಮುಂದಿನ ಸಭೆಯಲ್ಲಿ ಚರ್ಚೆ ಮಾಡ್ತೀವಿ."

"ಬಾಗಿಲು ತೆಗೆಯೋರು ಇಲ್ದೆ ನಿಮ್ಮ ಫೋಟೋ ಎಲ್ಲಿಂದ ಬರ್ತಿತ್ತು? ಗೋಡೆ ಹಾರಿ ಬಂತಾ? ನಿಮ್ಮ ಚರ್ಚೆ ಮುಗಿಯೋವರೆಗೆ ಅವನ ಪಕ್ಕೆಲುಬು ಕಾಯುತ್ತಾ? ಕೇಳು ಅವಳನ್ನ."

ಮಗಳು ಕೇಳಿದಳು. ಅವಳ ಕುತ್ತಿಗೆಯ ನರ ಎದ್ದಿತ್ತು. ಮೈಕಿನಾಕೆ ಮೈಕನ್ನು ಕೆಳಗಿಳಿಸಿದಳು.

"ಈಕೆ ಯಾರು? ನಮ್ಮ ಕಾರ್ಯಕ್ರಮ ಇವರಿಗೆ ಹೇಗೆ ಗೊತ್ತಾಯ್ತು?" ಅಂತ ಮಗಳನ್ನೇ ಕೇಳಿದಳು.

ಮಗಳು ನನ್ನತ್ತ ತಿರುಗಿದಳು.

"ನೀವು ಯಾರು ಅಂತ ಕೇಳ್ತಿದಾರೆ."

ನೀವು ಅಂದಳು. ಮಾತು ಬಂದಾಗಿನಿಂದ ನನ್ನನ್ನು ನೀನು ಅಂದವಳು. ಜ್ವರ ಬಂದಾಗ, ಹಸಿದಾಗ, ಬೈಯುವಾಗಲೂ ನೀನು ಅಂದವಳು. ಅವಳ ಕಣ್ಣು ಬೇಡುತ್ತಿತ್ತು. ಸುಳ್ಳು ಹೇಳು ಅಂತ. ಯಾರೋ ದಾರಿಹೋಕಳು ಅನ್ನು ಅಂತ. ದಾರಿಹೋಕಳ ತಮ್ಮನನ್ನು ಯಾರು ಕೇಳುತ್ತಾರೆ? ಪಾಪ ಅನ್ನುತ್ತಾರೆ, ಮುಂದಿನ ಸಭೆ ಅನ್ನುತ್ತಾರೆ.

ಈ ಸಲ ಅವರ ಭಾಷೆಯಲ್ಲೇ ಹೇಳಿದೆ. ಒಡಕು ಭಾಷೆ, ಆದರೆ ಜೋರಾಗಿ.

"ನಾನು ಇವಳ ಅಮ್ಮ. ಇದು ವೇಷ ಅಲ್ಲ, ನನ್ನ ಕೆಲಸದ ಬಟ್ಟೆ. ಕೋಳಿ ಕಾರ್ಖಾನೆಯಲ್ಲಿ ತೂಗುಹಾಕ್ತೀನಿ. ಆ ಕೆಲಸದಲ್ಲೇ ಇವಳನ್ನ ಓದಿಸ್ದೆ. ಜೈಲಲ್ಲಿರೋನು ಇವಳ ಮಾಮ. ಅವನನ್ನೂ ನಿಮ್ಮವನು ಅಂತ ಕೂಗಿ."

ಬಣ್ಣ ಸುರಿದ ಹುಡುಗ ಕೈಯಲ್ಲಿದ್ದ ಬಾಟಲಿಯನ್ನು ಬೆನ್ನ ಹಿಂದೆ ಮರೆಸಿಕೊಂಡ.

ಸಮಯ ಮುಗಿಯಿತು, ಅನುಮತಿ ಇಷ್ಟೇ ಹೊತ್ತಿಗೆ ಅಂತ ಮೈಕಿನಾಕೆ ಮೈಕು ಆರಿಸಿದಳು. ನಾನು ಬೇಲಿಯ ಹತ್ತಿರ ಹೋದೆ. ನಾಲ್ಕನೆಯ ಫೋಟೋದ ಪಕ್ಕ ಬೇಲಿಗೆ ಬೆನ್ನು ಕೊಟ್ಟು ನಿಂತೆ. ಬಲೆಟೋಪಿ ಕಿತ್ತೆಸೆದೆ.

"ಅವನ ಫೋಟೋ ಇಲ್ಲ ನನ್ಹತ್ರ. ಇಬ್ಬರದೂ ಒಂದೇ ಮುಖ. ಇದನ್ನೇ ನೋಡ್ಕೊಳ್ಳಿ."

ತಮ್ಮನ ಹೆಸರು ಕೂಗಿದೆ. ಯಾರೂ ಬಿಡಿ ಅನ್ನಲಿಲ್ಲ. ಮತ್ತೆ ಕೂಗಿದೆ. ಎದೆಯೊಳಗಿದ್ದ ಕಾರ್ಖಾನೆಯ ಧೂಳೆಲ್ಲ ಕೆಮ್ಮಾಗಿ ಬಂತು. ಕೆಮ್ಮುತ್ತಲೇ ಕೂಗಿದೆ. ಗಿಡ್ಡನನ್ನು ಬಿಡಿ. ಬಾಗಿಲು ತೆಗೆದವನನ್ನು ಬಿಡಿ. ಒಳಗಿನಿಂದ ಕಚೇರಿಯವರು ಪರದೆ ಸರಿಸಿ ನೋಡಿದರು. ಬಾಟಲಿಯ ಹುಡುಗ ತಲೆ ತಗ್ಗಿಸಿಕೊಂಡೇ ಸಣ್ಣಗೆ ಬಿಡಿ ಅಂದ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಸ್ವಲ್ಪ ಜನ. ಎಲ್ಲರೂ ಅಲ್ಲ. ಯಾರೋ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡರು. ಮೈಕಿನಾಕೆ ವಯರು ಸುತ್ತುತ್ತಿದ್ದಳು.

ಮಗಳ ಬಾಯಿ ತೆರೆಯಲಿಲ್ಲ.

ಜನ ಚದುರಿದ ಮೇಲೆ ಅವಳು ಮೇಲಂಗಿ ಬಿಚ್ಚಿ ಕಸದ ಡಬ್ಬಿಗೆ ತುರುಕಿದಳು. ಒಳಗಿದ್ದ ಅಂಗಿ ಶುಭ್ರವಾಗಿತ್ತು. ನನ್ನ ಹತ್ತಿರ ಬಂದಳು.

"ನನ್ನ ತಲೆ ಮುಟ್ಟಿ ಹೇಳಿದ್ದೆ ಅಮ್ಮ."

"ಹೇಳಿದ್ದೆ."

"ಎಲ್ಲರ ಮುಂದೆ."

"ಹೂಂ. ಎಲ್ಲರ ಮುಂದೆ."

"ಅವರಿಗೆ ನಾನೇ ಹೇಳ್ತಿದ್ದೆ. ಇವತ್ತಲ್ಲ, ಇನ್ಯಾವತ್ತಾದ್ರೂ."

"ಅವನಿಗೆ ಇನ್ಯಾವತ್ತೂ ಇಲ್ಲ ಕಣೆ."

ಅವಳು ಬಸ್ಸಿನ ಕಡೆ ಹೋಗಲಿಲ್ಲ. ಗೆಳತಿಯರ ಹಿಂದೆಯೂ ಹೋಗಲಿಲ್ಲ. ಇನ್ನೊಂದು ಬೀದಿ ಹಿಡಿದು ಹೋದಳು. ನಾನು ಕರೆಯಲಿಲ್ಲ.

ಕೆಲಸ ಹೋಯಿತು. ಮೇಲಂಗಿ ವಾಪಸ್ ಕೊಡು ಅಂತ ಗಡಿಯಾರ ಹೇಳಿ ಕಳಿಸಿದ. ಕೊಟ್ಟಿಲ್ಲ. ಆ ವಿಡಿಯೋ ನೋಡಿ ಊರಿನಲ್ಲಿ ಆ ನಾಲ್ವರ ವಕೀಲರ ಕಡೆಯವರೊಬ್ಬರು ಜೈಲಿಗೆ ಹೋಗಿ ಗಿಡ್ಡ ಅನ್ನುವವನು ಯಾರು ಅಂತ ಕೇಳಿದರಂತೆ. ಅವನು ಪಕ್ಕೆ ಹಿಡಿದುಕೊಂಡೇ ಎದ್ದು ನಿಂತನಂತೆ. ಅಷ್ಟಾಗಿದೆ. ಇನ್ನೂ ಒಳಗೇ ಇದ್ದಾನೆ. ನಾಳೆ ಮತ್ತೆ ಆ ಬೇಲಿಗೆ ಹೋಗುತ್ತೇನೆ.

ಮಗಳು ಮನೆಗೆ ಬಂದಿಲ್ಲ. ಅವಳಿಗೆ ಕೊಟ್ಟ ಮಾತು ಮುರಿದೆ.